ಲಕ್ಷದ್ವೀಪದ ಮೀನುಗಾರ ಸಮುದಾಯಗಳಲ್ಲಿ ಸಹಕಾರ ಪದ್ಧತಿ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಕರ್ನಾಟಕದ ಜಾನಪದ ಅಧ್ಯಯನಗಳಲ್ಲಿ ಸಹಕಾರವೆಂಬ ವಿಷಯ ಬಂದಾಗಲೆಲ್ಲ ವಿದ್ವಾಂಸರ ಗಮನ ಸಹಜವಾಗಿ ಹೊಲಗದ್ದೆಗಳ ಕಡೆಗೆ ಹರಿದಿದೆ. ಮುಯ್ಯಾಳು ಪದ್ಧತಿ, ಒಕ್ಕಣೆಯ ಕಾಲದ ಕೂಡುದುಡಿಮೆ, ಕೆರೆಯ ಹೂಳೆತ್ತುವ ಊರೊಟ್ಟಿನ ಕೆಲಸ ಮೊದಲಾದವುಗಳ ಕುರಿತು ಸಾಕಷ್ಟು ಸಾಮಗ್ರಿ ಸಂಗ್ರಹವಾಗಿದೆ. ಕಡಲನ್ನು ನಂಬಿ ಬದುಕಿದವರ ಸಹಕಾರ ಪದ್ಧತಿಗಳಿಗೆ ದೊರೆತ ಅವಧಾನ ಇದಕ್ಕೆ ಹೋಲಿಸಿದರೆ ಕಡಿಮೆ. ಅದರಲ್ಲಿಯೂ ದ್ವೀಪಗಳ ಜನಜೀವನ ಕನ್ನಡ ವಿದ್ವತ್ತಿನ ಅಂಚಿನಲ್ಲಿಯೇ ಉಳಿದಿದೆ. ಅರಬ್ಬೀ ಸಮುದ್ರದ ಹವಳದ ದ್ವೀಪಗಳಲ್ಲಿ ಒಂದು ಗುಂಪು 1799ರಿಂದ 1956ರವರೆಗೆ ಮಂಗಳೂರಿನಿಂದಲೇ ಆಳಲ್ಪಟ್ಟಿತ್ತು ಎಂಬ ಸಂಗತಿಯನ್ನು ನೆನೆದರೆ ಈ ಮರೆವು ಆಶ್ಚರ್ಯಕರವಾಗಿ ತೋರುತ್ತದೆ.

ಇಂದಿನ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶದ ಒಟ್ಟು ಭೂವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರು ಮಾತ್ರ. ಅದಕ್ಕೆ ಪ್ರತಿಯಾಗಿ ಹವಳದ ದಿಬ್ಬಗಳು ಸುತ್ತುವರಿದಿರುವ ಲಗೂನುಗಳ, ಅಂದರೆ ಒಳಗಡಲುಗಳ, ವಿಸ್ತೀರ್ಣ ಸುಮಾರು 4,200 ಚದರ ಕಿಲೋಮೀಟರು. ಜನವಸತಿಯಿರುವ ದ್ವೀಪಗಳು ಹತ್ತು. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರವನ್ನು ದಾಟಿದೆ. ಇಷ್ಟು ಕಿರಿದಾದ ನೆಲದಲ್ಲಿ, ಇಷ್ಟು ಹಿರಿದಾದ ನೀರಿನ ನಡುವೆ ಬದುಕುವ ಜನ ಮೀನನ್ನು ಹೇಗೆ ಹಂಚಿಕೊಂಡರು, ದುಡಿಮೆಯನ್ನು ಹೇಗೆ ಹಂಚಿಕೊಂಡರು, ಆ ಹಂಚಿಕೆಗೆ ಆಧಾರವಾದ ಸಂಸ್ಥೆಗಳು ಯಾವುವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಿನಿಕಾಯ್ ದ್ವೀಪದ ಗಳುಗಾಳದ ಟ್ಯೂನ ಮೀನುಗಾರಿಕೆಯನ್ನು ಇಲ್ಲಿ ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ. ದ್ವೀಪವಾಸಿಗಳ ಸಹಕಾರವನ್ನು ಅವರ ಸ್ವಭಾವದ ಸರಳತೆಗೆ ಆರೋಪಿಸುವುದು ವಾಡಿಕೆ. ಆದರೆ ಆ ಸಹಕಾರವು ಕಸುಬಿನ ಕ್ರಮದಿಂದಲೇ ಹುಟ್ಟಿದ್ದು. ಕಸುಬಿನ ಕೊಂಡಿಗಳು ಸಡಿಲವಾದಂತೆ ಅದೂ ಸಡಿಲವಾಗುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ಮಂಗಳೂರಿನ ಕಾಗದಗಳಲ್ಲಿ ದ್ವೀಪಗಳು

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ದ್ವೀಪಗಳು ಸೇರಿದ ಗುಂಪಿಗೆ ಅಮಿನಿದಿವಿ ಎಂಬ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಇವು ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದವು. ಆ ಆಳ್ವಿಕೆಯ ಕಾಠಿಣ್ಯವನ್ನು ಸಹಿಸಲಾರದೆ 1783ರಲ್ಲಿ ಅಮಿನಿಯ ಕೆಲವರು ಕಡಲು ದಾಟಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನಲ್ಲಿ ಬಿನ್ನವಿಸಿಕೊಂಡರು. ಅರಕ್ಕಲ್ ಬೀಬಿಯೊಡನೆ ಮಾತುಕತೆ ನಡೆದ ಬಳಿಕ ಈ ಗುಂಪು ಟಿಪ್ಪುವಿನ ಆಡಳಿತಕ್ಕೆ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಇದೇ ಕಾರಣದಿಂದ ಅಮಿನಿದಿವಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಕೆನರಾ ಜಿಲ್ಲೆಯ ಭಾಗವಾಯಿತು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತು. ಅಗತ್ತಿ, ಕವರತ್ತಿ, ಆಂದ್ರೋತ್, ಕಲ್ಪೇನಿ ಮತ್ತು ಮಿನಿಕಾಯ್ ಮಾತ್ರ ಅರಕ್ಕಲ್ ಮನೆತನದಲ್ಲಿಯೇ ಉಳಿದು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಂತಹಂತವಾಗಿ ಬ್ರಿಟಿಷರ ಕೈಸೇರಿ, ಮಲಬಾರ್ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯವನ್ನು ಸೇರಿದ ದಿನವೇ ಅಮಿನಿದಿವಿ ಅದರಿಂದ ಬೇರ್ಪಟ್ಟು, ಉಳಿದ ದ್ವೀಪಗಳೊಡನೆ ಕೇಂದ್ರಾಡಳಿತ ಪ್ರದೇಶವಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದುದು 1973ರಲ್ಲಿ.

ಇಷ್ಟು ದೀರ್ಘಕಾಲದ ಸಂಬಂಧವಿದ್ದರೂ ಆಡಳಿತದ ಬರಹಗಳಲ್ಲಿ ದ್ವೀಪದ ಮೀನುಗಾರನ ಚಿತ್ರ ಮಸುಕಾಗಿದೆ. ಇದಕ್ಕೆ ಕಾರಣವನ್ನು ಕಂದಾಯದ ಸ್ವರೂಪದಲ್ಲಿ ಹುಡುಕಬೇಕು. ಸರ್ಕಾರಕ್ಕೆ ಬೇಕಾಗಿದ್ದುದು ಕತ್ತ, ಅಂದರೆ ತೆಂಗಿನ ನಾರಿನ ಹುರಿ. ದ್ವೀಪವಾಸಿಗಳು ಹೊಸೆದ ಹುರಿಯನ್ನು ಸರ್ಕಾರವೇ ನಿಗದಿಪಡಿಸಿದ ದರದಲ್ಲಿ ಪಡೆದು, ಅದಕ್ಕೆ ಬದಲಾಗಿ ಅಕ್ಕಿಯನ್ನು ಕೊಡುವ ಏಕಸ್ವಾಮ್ಯ ಪದ್ಧತಿ ಅರಕ್ಕಲ್ ಕಾಲದಿಂದ ಬಂದುದು. ಕಂಪನಿಯೂ ಅದನ್ನು ಮುಂದುವರಿಸಿತು. ಹೀಗಾಗಿ ಕತ್ತದ ತೂಕ, ಅಕ್ಕಿಯ ಅಳತೆ, ತೆಂಗಿನ ಮರಗಳ ಎಣಿಕೆ ಇವೆಲ್ಲ ಲೆಕ್ಕಪತ್ರಗಳಲ್ಲಿ ವಿವರವಾಗಿ ದಾಖಲಾದವು. ತೆಂಗಿಗೆ ಕಾಟ ಕೊಡುವ ಇಲಿಗಳನ್ನು ಕೊಲ್ಲಲು ಊರಿನ ಗಂಡಸರೆಲ್ಲ ಸೇರಿ ನಡೆಸುತ್ತಿದ್ದ ಸಾಮೂಹಿಕ ಇಲಿಬೇಟೆಯೂ ಅಧಿಕಾರಿಗಳ ಗಮನಕ್ಕೆ ಬಂದಿತು. ಏಕೆಂದರೆ ಅದು ತೆಂಗಿನ ಇಳುವರಿಗೆ ಸಂಬಂಧಿಸಿದುದು. ಮನೆಯ ಅಡುಗೆಗೆ, ನೆರೆಯವರ ಪಾಲಿಗೆ ಹೋದ ಮೀನು ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ಕಂದಾಯವಿಲ್ಲದ ಕಡೆ ಕಾಗದವಿಲ್ಲ. ಕಾಗದವಿಲ್ಲದ ಕಡೆ ಚರಿತ್ರೆಯಿಲ್ಲವೆಂದು ಭಾವಿಸಿದುದೇ ಈ ವಿಷಯದ ಅಧ್ಯಯನಕ್ಕೆ ಒದಗಿದ ಮೊದಲ ತೊಡಕು.

1848ರ ರಾಬಿನ್‌ಸನ್ ವರದಿ, ಲೋಗನ್ನನ 1887ರ ಮಲಬಾರ್ ಮ್ಯಾನ್ಯುಅಲ್, ಸ್ಟರಾಕ್ ಮತ್ತು ಸ್ಟುವರ್ಟ್ ಸಿದ್ಧಪಡಿಸಿದ ದಕ್ಷಿಣ ಕನ್ನಡ ಜಿಲ್ಲೆಯ ಮ್ಯಾನ್ಯುಅಲ್, 1924ರಲ್ಲಿ ಪ್ರಕಟವಾದ ಎಲ್ಲಿಸನ ಕಿರುಗ್ರಂಥ ಇವು ದ್ವೀಪಗಳ ಬಗೆಗೆ ಸಿಗುವ ಮುಖ್ಯ ಆಡಳಿತ ಬರಹಗಳು. ಇವುಗಳ ಉಪಯುಕ್ತತೆ ನಿರ್ವಿವಾದ. ಆದರೆ ಸಹಕಾರದ ಒಳಗಿನ ಕಟ್ಟುಪಾಡುಗಳನ್ನು ತಿಳಿಯಬೇಕಾದರೆ ಕಸುಬಿನ ಮಾತು, ದೋಣಿಯ ರಚನೆ, ಊರಿನ ಪದವಿಗಳು, ಉತ್ಸವಗಳು ಇವನ್ನೇ ದಾಖಲೆಗಳೆಂದು ಓದುವುದು ಅನಿವಾರ್ಯವಾಗುತ್ತದೆ. ಜಾನಪದ ಅಧ್ಯಯನವು ಚರಿತ್ರೆಗೆ ನೆರವಾಗಬಲ್ಲ ಸ್ಥಳ ಇದೇ.

ಮಿನಿಕಾಯ್: ಭಾಷೆ ಮತ್ತು ಕಸುಬಿನ ಪದಗಳು

ಉಳಿದ ದ್ವೀಪಗಳಿಂದ ಒಂಬತ್ತು ಡಿಗ್ರಿ ಕಾಲುವೆಯಾಚೆಗೆ, ದಕ್ಷಿಣದಲ್ಲಿ ಒಂಟಿಯಾಗಿರುವ ಮಿನಿಕಾಯ್‌ನ ಸ್ಥಳೀಯ ಹೆಸರು ಮಲಿಕು. ಉತ್ತರದ ದ್ವೀಪಗಳ ಜನ ಮಲಯಾಳಂನ ಉಪಭಾಷೆಯಾದ ಜೆಸರಿಯನ್ನಾಡಿದರೆ, ಇಲ್ಲಿಯವರು ಮಾಲ್ದೀವ್ಸ್‌ನ ದಿವೇಹಿಗೆ ಸೇರಿದ ಮಹಲ್ ಭಾಷೆಯನ್ನಾಡುತ್ತಾರೆ. ಬಲದಿಂದ ಎಡಕ್ಕೆ ಸಾಗುವ ತಾನ ಲಿಪಿಯನ್ನು ಬಳಸುತ್ತಾರೆ. ಮಹಲ್ ಇಂಡೋ-ಆರ್ಯ ವರ್ಗದ ಭಾಷೆ. ಅದರಲ್ಲಿ ಮೀನಿಗೆ ‘ಮಾಸ್’ ಎಂದು ಹೆಸರು. ಸಂಸ್ಕೃತದ ಮತ್ಸ್ಯ ಶಬ್ದದ ಸಂಬಂಧಿ ಇದು. ಬರಿಯ ಮಾಸ್ ಎಂದರೆ ಮೊದಲು ಮನಸ್ಸಿಗೆ ಬರುವುದು ಟ್ಯೂನ, ಅಂದರೆ ದಕ್ಷಿಣ ಕನ್ನಡದ ಪೇಟೆಯಲ್ಲಿ ಕೇದರ್ ಎಂದು ಕರೆಯುವ ಮೀನು. ಅದನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದ ಪದಾರ್ಥಕ್ಕೆ ಲಕ್ಷದ್ವೀಪದಲ್ಲಿ ‘ಮಾಸ್‌ಮೀನ್’ ಎಂಬ ಹೆಸರು ರೂಢಿಯಲ್ಲಿದೆ. ಮಹಲ್‌ನ ಮಾಸ್, ದ್ರಾವಿಡದ ಮೀನ್ ಎರಡೂ ಒಂದೇ ಅರ್ಥದ ಶಬ್ದಗಳು. ಎರಡು ಭಾಷೆಯವರ ನಡುವಿನ ವ್ಯಾಪಾರದ ಗುರುತು ಒಂದು ಪದದಲ್ಲಿ ಹೀಗೆ ಉಳಿದುಕೊಂಡಿದೆ.

ದೋಣಿಯ ಹೆಸರೂ ಗಮನಾರ್ಹ. ಟ್ಯೂನ ಹಿಡಿಯುವ ದೋಣಿಗೆ ಮಿನಿಕಾಯ್‌ನಲ್ಲಿ ‘ಮಾಸ್ ಓಡಿ’ ಎನ್ನುತ್ತಾರೆ. ದ್ವೀಪಗಳಿಂದ ಸರಕು ಹೊತ್ತು ತರುತ್ತಿದ್ದ ಹಾಯಿನೌಕೆಗೆ ಓಡಂ ಎಂದು ಹೆಸರು. ಹಳಗನ್ನಡದ ಓದುಗರಿಗೆ ‘ಓಡ’ ಶಬ್ದ ಪರಿಚಿತವೇ. ಪಶ್ಚಿಮ ಕರಾವಳಿಯ ಈ ಸೋದರ ಪದಗಳು ಕಡಲು ಜನರನ್ನು ಬೇರ್ಪಡಿಸಿದಷ್ಟೇ ಕೂಡಿಸಿಯೂ ಇತ್ತೆಂಬುದನ್ನು ಸೂಚಿಸುತ್ತವೆ.

ಒಳಗಡಲು ಮತ್ತು ಜೀವಂತ ಎರೆ

ಮಿನಿಕಾಯ್‌ನ ಟ್ಯೂನ ಮೀನುಗಾರಿಕೆ ಎರಡು ಬೇಟೆಗಳ ಕಸುಬು. ಮೊದಲನೆಯದು ಒಳಗಡಲಿನಲ್ಲಿ ಎರೆಮೀನನ್ನು ಹಿಡಿಯುವುದು. ಎರಡನೆಯದು ದಿಬ್ಬದಾಚೆಯ ಹೊರಗಡಲಿನಲ್ಲಿ ಟ್ಯೂನವನ್ನು ಹಿಡಿಯುವುದು. ಮೊದಲನೆಯದಿಲ್ಲದೆ ಎರಡನೆಯದಿಲ್ಲ. ಎರೆಯಾಗಿ ಬಳಸುವ ಮೀನುಗಳು ಬೆರಳುದ್ದದವು. ಹೊಂದೆಲಿ, ರೆಹಿ, ಬೊಡಿ, ಮುಗುರಂಗ್ ಮುಂತಾಗಿ ಅವಕ್ಕೆ ಮಹಲ್‌ನಲ್ಲಿ ಪ್ರತ್ಯೇಕ ಹೆಸರುಗಳಿವೆ. ಕೆಲವು ಹಿಂಡುಗಟ್ಟಿ ಮರಳಿನ ಮೇಲೆ ಸುಳಿಯುತ್ತವೆ, ಕೆಲವು ಹವಳದ ಸಂದುಗಳಲ್ಲಿ ಅಡಗಿರುತ್ತವೆ. ದೋಣಿಯವರು ಬಲೆಯನ್ನು ಇಳಿಸಿ ಹಿಡಿದುಕೊಂಡರೆ, ಕೆಲವರು ನೀರಿಗಿಳಿದು ಮೀನನ್ನು ಬಲೆಯತ್ತ ಅಟ್ಟುತ್ತಾರೆ. ಹಿಡಿದ ಎರೆ ಸಾಯಬಾರದು. ಆದ್ದರಿಂದ ಅದನ್ನು ತೇಲುವ ಬುಟ್ಟಿಗಳಲ್ಲಿಟ್ಟು ಒಳಗಡಲಿನಲ್ಲಿ ಕಾಪಾಡುತ್ತಾರೆ. ಬೇಟೆಗೆ ಹೊರಟಾಗ ದೋಣಿಯ ನಡುವಿನ ತೊಟ್ಟಿಗೆ ವರ್ಗಾಯಿಸುತ್ತಾರೆ. ಆ ತೊಟ್ಟಿಯ ತಳದಲ್ಲಿ ರಂಧ್ರಗಳಿದ್ದು, ಕಡಲ ನೀರು ಒಳಬರುತ್ತಲೇ ಇರುತ್ತದೆ. ಹೆಚ್ಚಾದ ನೀರನ್ನು ತೋಡಿ ಹೊರಚೆಲ್ಲುವುದೇ ಕೆಲವರ ಕೆಲಸ.

ಟ್ಯೂನದ ಹಿಂಡು ಕಂಡೊಡನೆ ಪ್ರತಿಯೊಬ್ಬನ ಪಾತ್ರವೂ ನಿಶ್ಚಿತ. ಒಬ್ಬನು ಜೀವಂತ ಎರೆಯನ್ನು ಹಿಡಿಹಿಡಿಯಾಗಿ ಎಸೆಯುತ್ತಾನೆ. ಇನ್ನು ಕೆಲವರು ನೀರನ್ನು ಚಿಮುಕಿಸಿ ಎರೆಮೀನಿನ ಹಿಂಡು ಮೇಲೆದ್ದಂತೆ ಭ್ರಮೆ ಹುಟ್ಟಿಸುತ್ತಾರೆ. ದೋಣಿಯ ಹಿಂಭಾಗದ ಅಗಲವಾದ ಅಟ್ಟಣೆಯ ಮೇಲೆ ನಿಂತ ಗಾಳಗಾರರು ಬಿದಿರ ಗಳುವಿನ ತುದಿಯ ಗಾಳವನ್ನು ನೀರಿಗೆ ತಾಕಿಸಿ, ಕಚ್ಚಿದ ಮೀನನ್ನು ಒಂದೇ ಎಳೆತಕ್ಕೆ ತಲೆಯ ಮೇಲಿನಿಂದ ದೋಣಿಯೊಳಕ್ಕೆ ಹಾರಿಸುತ್ತಾರೆ. ಗಾಳಕ್ಕೆ ಮರುಮುಳ್ಳು ಇರುವುದಿಲ್ಲವಾದ್ದರಿಂದ ಮೀನು ತಾನಾಗಿಯೇ ಕಳಚಿಕೊಂಡು ಬೀಳುತ್ತದೆ. ಹಿಂಡು ಮುಳುಗಿ ಮಾಯವಾಗುವುದರೊಳಗೆ ಇದೆಲ್ಲ ನಡೆಯಬೇಕು. ಎರೆ ಎಸೆಯುವವನ ಕೈ ತಪ್ಪಿದರೆ ಗಾಳಗಾರನ ಕೌಶಲ ವ್ಯರ್ಥ. ತೊಟ್ಟಿಯ ನೀರು ತೋಡುವ ಹುಡುಗ ಮೈಮರೆತರೆ ಎರೆ ಎಸೆಯುವವನಿಗೆ ಕೆಲಸವೇ ಇಲ್ಲ. ಹನ್ನೆರಡಕ್ಕೂ ಮಿಕ್ಕಿ ಜನ ಒಂದೇ ದೋಣಿಯಲ್ಲಿ ದುಡಿಯುವ ಈ ಕ್ರಮದಲ್ಲಿ ಒಬ್ಬನ ಹಿಡಿತವನ್ನು ಇನ್ನೊಬ್ಬನ ಹಿಡಿತದಿಂದ ಬೇರ್ಪಡಿಸಿ ಎಣಿಸುವುದು ಅಸಾಧ್ಯ. ಪಾಲಿನ ಪದ್ಧತಿ ಬೆಳೆದುದಕ್ಕೆ ಇದೇ ಮೂಲ. ದೋಣಿಗೊಂದು ಪಾಲು, ದೋಣಿ ನಡೆಸುವವನಿಗೆ ಅವನ ಹೊಣೆಗೆ ತಕ್ಕ ಪಾಲು, ಉಳಿದುದರಲ್ಲಿ ದುಡಿದವರಿಗೆಲ್ಲ ಪಾಲು ಎಂಬ ತತ್ವಕ್ಕೆ ಕೂಲಿಯ ಲೆಕ್ಕಕ್ಕಿಂತ ಭಿನ್ನವಾದ ನ್ಯಾಯವಿದೆ. ನಷ್ಟದ ದಿನ ಎಲ್ಲರಿಗೂ ನಷ್ಟ, ಲಾಭದ ದಿನ ಎಲ್ಲರಿಗೂ ಲಾಭ.

ಎರೆಯ ವಿಷಯದಲ್ಲಿ ಸಹಕಾರ ದೋಣಿಯ ಮೇರೆಯನ್ನು ಮೀರಿ ಊರಿಗೆ ವ್ಯಾಪಿಸುತ್ತದೆ. ಹೊರಗಡಲಿನ ಟ್ಯೂನ ಯಾರ ಸೊತ್ತೂ ಅಲ್ಲ. ಅದು ಬರುತ್ತದೆ, ಹೋಗುತ್ತದೆ. ಒಳಗಡಲಿನ ಎರೆಮೀನು ಮಾತ್ರ ಅಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆಯುವಂಥದು; ಮಿತಿಯುಳ್ಳದ್ದು. ಒಂದು ದೋಣಿ ಅಗತ್ಯಕ್ಕಿಂತ ಹೆಚ್ಚು ಎರೆ ಹಿಡಿದು ಕೊಂದರೆ ನಾಳೆ ಎಲ್ಲ ದೋಣಿಗಳೂ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಕೃಷಿಕನಿಗೆ ಬೀಜದ ಕಣಜವಿದ್ದಂತೆ ಇವರಿಗೆ ಒಳಗಡಲು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಾಲದ ಕಡಲು ದೋಣಿಗಳನ್ನು ದಡಕ್ಕೆ ಕಟ್ಟಿಹಾಕುವುದರಿಂದ ಈ ಕಣಜಕ್ಕೆ ಪ್ರತಿವರ್ಷ ಬಿಡುವು ದೊರೆಯುತ್ತದೆ. ಸೆಪ್ಟೆಂಬರಿನಿಂದ ಬೇಸಿಗೆಯ ತನಕ ನಡೆಯುವ ಬೇಟೆಯ ಕಾಲ ಈ ಬಿಡುವಿನ ಮೇಲೆ ನಿಂತಿದೆ.

ಈ ಎರೆಮೀನುಗಾರಿಕೆಯನ್ನು ವೈಜ್ಞಾನಿಕವಾಗಿ ಮೊದಲು ವಿವರಿಸಿದವರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಎಸ್. ಜೋನ್ಸ್ ಪ್ರಮುಖರು. 1950ರ ದಶಕದ ಕೊನೆಯಲ್ಲಿ ಅವರು ಮಿನಿಕಾಯ್ ಕುರಿತು ಪ್ರಕಟಿಸಿದ ಬರಹಗಳು ಇಂದಿಗೂ ಆಕರಗಳಾಗಿವೆ. ಅದೇ ದ್ವೀಪದಲ್ಲಿ 1938ರಲ್ಲಿ ಹುಟ್ಟಿದ ಅಲಿ ಮಾಣಿಕ್‌ಫಾನ್ ಅವರು ಶಾಲಾ ಶಿಕ್ಷಣವನ್ನು ಹೆಚ್ಚಾಗಿ ಪಡೆಯದಿದ್ದರೂ ತಮ್ಮ ಮೀನಿನ ತಿಳಿವಳಿಕೆಯಿಂದ ಜೋನ್ಸ್ ಅವರ ಸಂಶೋಧನೆಗೆ ಒದಗಿದರು. ಒಂದು ಮೀನಿಗೆ ಅವರ ಹೆಸರನ್ನೇ ಇಡಲಾಯಿತು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಗ್ರಂಥಸ್ಥ ವಿಜ್ಞಾನದ ಹಿಂದೆ ಕಸುಬಿನವರ ಮೌಖಿಕ ಜ್ಞಾನವಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅವ: ಊರಿನ ಸಂಘಟನೆ

ಐದು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತೀರ್ಣದ ಮಿನಿಕಾಯ್ ಹತ್ತು ಊರುಗಳಾಗಿ, ಕೆಲವು ಎಣಿಕೆಗಳಲ್ಲಿ ಹನ್ನೊಂದು ಊರುಗಳಾಗಿ, ವಿಭಾಗಗೊಂಡಿದೆ. ಇವಕ್ಕೆ ‘ಅವ’ ಎಂದು ಹೆಸರು. ಪ್ರತಿ ಅವಕ್ಕೂ ಗಂಡಸರ ಮುಖ್ಯಸ್ಥನಾಗಿ ಬೊಡುಕಾಕ ಅಥವಾ ಮೂಪ್ಪನ್ ಇರುತ್ತಾನೆ. ಹೆಂಗಸರ ಮುಖ್ಯಸ್ಥೆಯಾಗಿ ಮೂಪ್ಪತ್ತಿ ಇರುತ್ತಾಳೆ. ಊರಿಗೆ ಸೇರಿದ ಸಭಾಮನೆ, ಊಟದ ದೊಡ್ಡ ಪಾತ್ರೆಗಳು, ಊರೊಟ್ಟಿನ ದೋಣಿ ಇವು ಯಾವ ಒಬ್ಬ ವ್ಯಕ್ತಿಯ ಆಸ್ತಿಯೂ ಅಲ್ಲ. ದೋಣಿಯನ್ನು ದಡಕ್ಕೆ ಎಳೆಯುವುದು, ನೀರಿಗಿಳಿಸುವುದು, ಮನೆ ಕಟ್ಟುವುದು, ಮದುವೆಯ ಊಟ, ದಡದ ಸ್ವಚ್ಛತೆ ಮುಂತಾದ ಕೆಲಸಗಳಿಗೆ ಅವದ ಕರೆ ಬಂದಾಗ ಮನೆಗೊಬ್ಬರಂತೆ ಹೋಗುವುದು ಕರ್ತವ್ಯ. ಕನ್ನಡ ನಾಡಿನ ಮುಯ್ಯಾಳಿನಲ್ಲಿ ಒಂದು ಮನೆ ಇನ್ನೊಂದು ಮನೆಗೆ ಋಣಿಯಾಗುತ್ತದೆ. ಇಂದು ನನ್ನ ಗದ್ದೆಗೆ ನೀನು ಬಂದರೆ ನಾಳೆ ನಿನ್ನ ಗದ್ದೆಗೆ ನಾನು ಎಂಬುದು ಅದರ ಸೂತ್ರ. ಅವದಲ್ಲಿ ಋಣ ಮನೆಯಿಂದ ಮನೆಗೆ ಹೋಗದೆ ಊರಿಗೆ ಸಲ್ಲುತ್ತದೆ. ಈ ವ್ಯತ್ಯಾಸ ಮುಖ್ಯವಾದುದು. ಒಂದು ಮನೆಯ ಗಂಡಸು ಕಡಲ ಮೇಲಿದ್ದು ಮುಯ್ಯಿ ತೀರಿಸಲಾರದ ಸ್ಥಿತಿಯಲ್ಲಿದ್ದರೂ ಆ ಮನೆ ಊರಿನ ನೆರವಿನಿಂದ ಹೊರಬೀಳುವುದಿಲ್ಲ.

ಇದು ಬರಿಯ ಊಹೆಯ ಪರಿಸ್ಥಿತಿಯೂ ಅಲ್ಲ. ಮಿನಿಕಾಯ್‌ನ ಗಂಡಸರು ಹಿಂದಿನಿಂದಲೂ ನಾವಿಕರು. ವಾಣಿಜ್ಯ ಹಡಗುಗಳಲ್ಲಿ ತಿಂಗಳುಗಟ್ಟಲೆ ದುಡಿಯಲು ಹೋಗುವವರು. ಗಂಡಸರು ದೂರವಿರುವ ದ್ವೀಪದಲ್ಲಿ ಮನೆ, ಆಸ್ತಿ, ಊರಿನ ಕೆಲಸಗಳ ಹೊಣೆ ಹೆಂಗಸರ ಮೇಲಿತ್ತು. ಮಾತೃವಂಶೀಯ ಪದ್ಧತಿಯೂ ಮೂಪ್ಪತ್ತಿಯ ಪದವಿಯೂ ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತವೆ. ಪ್ರತಿ ಅವಕ್ಕೂ ಬಣ್ಣದ ಅಲಂಕಾರವುಳ್ಳ ‘ಜಹಾದೋಣಿ’ ಎಂಬ ಓಟದ ದೋಣಿಯಿದೆ. ಅತಿಥಿಗಳ ಸ್ವಾಗತಕ್ಕೂ ಊರೂರುಗಳ ಸ್ಪರ್ಧೆಗೂ ಅದು ಬಳಕೆಯಾಗುತ್ತದೆ. ಲಾವಾ ಕುಣಿತವೂ ಇಂತಹ ಸಂದರ್ಭಗಳಿಗೆ ಸೇರಿದುದು. ಹುಟ್ಟು ಹಾಕುವವರ ಲಯ ಒಂದಾಗದೆ ಜಹಾದೋಣಿ ಮುಂದೆ ಹೋಗದು. ದುಡಿಮೆಯಲ್ಲಿ ಬೇಕಾದ ಏಕಲಯವನ್ನು ಉತ್ಸವ ಅಭ್ಯಾಸ ಮಾಡಿಸುತ್ತದೆ. ಊರೂರುಗಳ ನಡುವಣ ಪೈಪೋಟಿಗೂ ಒಂದು ಸಮ್ಮತವಾದ ದಾರಿಯನ್ನು ತೋರಿಸುತ್ತದೆ.

ದಡದ ಮೇಲಿನ ಸಹಕಾರ

ಮೀನುಗಾರಿಕೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೋಣಿ ದಡಕ್ಕೆ ಬಂದಲ್ಲಿಗೆ ನಿಲ್ಲುತ್ತಾರೆ. ಮಿನಿಕಾಯ್‌ನಲ್ಲಿ ಅರ್ಧ ಕೆಲಸ ಆರಂಭವಾಗುವುದೇ ಅಲ್ಲಿಂದ. ಟ್ಯೂನ ಬಿಸಿಲ ನಾಡಿನಲ್ಲಿ ಬೇಗನೆ ಕೆಡುವ ಮೀನು. ಮಂಜುಗಡ್ಡೆಯಿಲ್ಲದ ಕಾಲದಲ್ಲಿ ಅದನ್ನು ಅಂದೇ ಸೀಳಿ, ಮುಳ್ಳು ಬಿಡಿಸಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಯಾಡಿಸಿ, ಮುಂದೆ ದಿನಗಟ್ಟಲೆ ಬಿಸಿಲಿಗೆ ಒಣಗಿಸಬೇಕಾಗಿತ್ತು. ಈ ಕೆಲಸದ ಬಹುಭಾಗ ಹೆಂಗಸರದು. ಬೇಯಿಸಿ ಉಳಿದ ರಸವನ್ನೂ ಚೆಲ್ಲದೆ ಕುದಿಸಿ ಗಟ್ಟಿ ಮಾಡಿ ವ್ಯಂಜನವಾಗಿ ಬಳಸುತ್ತಾರೆ. ದಿವೇಹಿಯಲ್ಲಿ ಇದಕ್ಕೆ ರಿಹಾಕುರು ಎಂದು ಹೆಸರು. ಒಂದು ದೋಣಿ ಒಳ್ಳೆಯ ಹಿಂಡನ್ನು ಕಂಡ ದಿನ ಒಂದು ಮನೆಯ ಹೆಂಗಸರಿಂದ ಈ ಕೆಲಸ ಮುಗಿಯಲಾರದು. ಕಡಲಿನಲ್ಲಿ ಹಿಡಿತ ಹೆಚ್ಚಿದಷ್ಟೂ ದಡದಲ್ಲಿ ಕೈಗಳು ಹೆಚ್ಚು ಬೇಕು.

ಈ ತಂತ್ರಜ್ಞಾನದ ಪ್ರಾಚೀನತೆಗೆ ಪ್ರಬಲವಾದ ಸಾಕ್ಷ್ಯವಿದೆ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಮಾಲ್ದೀವ್ಸ್‌ನಲ್ಲಿ ನ್ಯಾಯಾಧೀಶನಾಗಿದ್ದ ಇಬ್ನ್ ಬತೂತನು ಅಲ್ಲಿಯ ಜನ ಮೀನನ್ನು ತುಂಡುಮಾಡಿ, ಬೇಯಿಸಿ, ಗರಿಯ ಬುಟ್ಟಿಗಳಲ್ಲಿಟ್ಟು ಹೊಗೆಗೆ ಒಡ್ಡುವುದನ್ನೂ, ಅದು ಭಾರತ, ಚೀನಾ, ಯೆಮನ್‌ಗಳಿಗೆ ರಫ್ತಾಗುವುದನ್ನೂ ವಿವರಿಸಿದ್ದಾನೆ. ಮಿನಿಕಾಯ್ ಅದೇ ಸಂಸ್ಕೃತಿಯ ಉತ್ತರದ ತುದಿ. ಮಾಸ್ ಕೆಡದೆ ಉಳಿಯುವ, ಹಗುರವಾದ, ದೂರದ ಸಿಂಹಳದಲ್ಲಿಯೂ ಬೇಡಿಕೆಯಿದ್ದ ಸರಕು. ಆಗಾಗಿನ ಹಿಡಿತವನ್ನು ವರ್ಷದ ಅಕ್ಕಿಯನ್ನಾಗಿ ಪರಿವರ್ತಿಸಿದುದು ದಡದ ಮೇಲಿನ ಈ ಸಾಮೂಹಿಕ ದುಡಿಮೆ.

ಉತ್ತರದ ದ್ವೀಪಗಳಲ್ಲಿ ಸಹಕಾರದ ರೂಪ ಬೇರೆ. ಅಲ್ಲಿ ಟ್ಯೂನಕ್ಕಿಂತ ಒಳಗಡಲಿನ ಮೀನೇ ಹಿಂದೆ ಮುಖ್ಯವಾಗಿತ್ತು. ತೆಂಗಿನ ಗರಿಗಳನ್ನು ಕಟ್ಟಿದ ಉದ್ದನೆಯ ಹಗ್ಗವನ್ನು ಅನೇಕರು ಹಿಡಿದು, ಆಳವಿಲ್ಲದ ನೀರಿನಲ್ಲಿ ಅರ್ಧವರ್ತುಲವಾಗಿ ನಡೆಯುತ್ತ, ಬೆದರಿದ ಮೀನನ್ನು ಬಲೆಯತ್ತ ಅಟ್ಟುವ ಕ್ರಮ ಇದಕ್ಕೆ ಉದಾಹರಣೆ. ಜನವಸತಿಯಿಲ್ಲದ ಸುಹೇಲಿಯಂತಹ ದ್ವೀಪಗಳಿಗೆ ಋತುಮಾನದಲ್ಲಿ ತಂಡಗಳಾಗಿ ಹೋಗಿ, ಅಲ್ಲಿಯೇ ಬೀಡುಬಿಟ್ಟು ಮೀನು ಹಿಡಿದು ಒಣಗಿಸಿ ತರುವ ಪದ್ಧತಿಯೂ ಬೆಳೆಯಿತು. ಹಾಯಿಯ ಕಾಲದಲ್ಲಿ ಒಣಗಿದ ಸರಕು, ತೆಂಗು, ಕತ್ತ ಹೊತ್ತ ಓಡಂಗಳು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ಮೊದಲಾದುವನ್ನು ಒಯ್ಯುತ್ತಿದ್ದವು. ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಒಯ್ಯುವ ಮಂಜಿಗಳು ಆ ಸಂಬಂಧದ ಮುಂದುವರಿಕೆ.

ಸಹಕಾರದ ಮಿತಿಗಳು

ಮೇಲಿನ ವಿವರಗಳಿಂದ ದ್ವೀಪದ ಸಮಾಜ ಸಮಾನತೆಯ ಸಮಾಜವಾಗಿತ್ತೆಂಬ ನಿರ್ಣಯಕ್ಕೆ ಬರುವುದು ತಪ್ಪಾಗುತ್ತದೆ. ಮಿನಿಕಾಯ್‌ನಲ್ಲಿ ಮಾಣಿಕ್‌ಫಾನ್, ಠಾಕುರುಫಾನ್, ಠಾಕುರು, ರಾವೇರಿ ಎಂಬ ಅಂತಸ್ತುಗಳಿದ್ದವು. ನೌಕೆಯ ಒಡೆತನ, ನೌಕೆ ನಡೆಸುವ ವಿದ್ಯೆ, ತೆಂಗು ಹತ್ತುವ ಕೆಲಸ ಇವೆಲ್ಲ ಅಂತಸ್ತಿಗೆ ತಕ್ಕಂತೆ ಹಂಚಿಹೋಗಿದ್ದವು. ದೋಣಿಯ ಒಡೆಯನ ಪಾಲೂ ನೀರು ತೋಡುವವನ ಪಾಲೂ ಎಂದೂ ಒಂದೇ ಆಗಿರಲಿಲ್ಲ. ಊರಿನ ಕರೆಯನ್ನು ಮೀರುವ ಸ್ವಾತಂತ್ರ್ಯ ಬಡವನಿಗೆ ಕಡಿಮೆ, ಉಳ್ಳವನಿಗೆ ಹೆಚ್ಚು ಎಂಬುದು ಎಲ್ಲ ಗ್ರಾಮ ಸಮಾಜಗಳಂತೆ ಇಲ್ಲಿಯೂ ನಿಜ. ಆದುದರಿಂದ ಸಹಕಾರವನ್ನು ಸಮಾನತೆಯ ಪರ್ಯಾಯ ಪದವಾಗಿ ಬಳಸದಿರುವುದು ಒಳಿತು. ಅಸಮಾನರೂ ಒಬ್ಬರನ್ನೊಬ್ಬರು ಬಿಟ್ಟು ಬಾಳಲಾರದಂತೆ ಕಸುಬು ಅವರನ್ನು ಕಟ್ಟಿಹಾಕಿತ್ತು ಎಂಬುದೇ ಹೆಚ್ಚು ಸರಿಯಾದ ಮಾತು.

ಎಲಿನರ್ ಓಸ್ಟ್ರಮ್ ಅವರು 1990ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸಾಮುದಾಯಿಕ ಸಂಪತ್ತು ಅನಿವಾರ್ಯವಾಗಿ ನಾಶವಾಗುತ್ತದೆಂಬ ವಾದವನ್ನು ತಿರಸ್ಕರಿಸಿ, ಬಳಸುವವರೇ ರೂಪಿಸಿಕೊಂಡ ನಿಯಮಗಳು ಅದನ್ನು ಉಳಿಸಬಲ್ಲವು ಎಂದು ತೋರಿಸಿದರು. ಟರ್ಕಿಯ ಅಲಾನ್ಯದ ಮೀನುಗಾರರು ಅವರ ನಿದರ್ಶನಗಳಲ್ಲಿ ಒಂದು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಅವದ ಸಂಘಟನೆ ಈ ಚಿಂತನೆಗೆ ಪೂರಕವಾದುದು. ಆದರೆ ನಿಯಮವನ್ನು ಜನ ಪಾಲಿಸುವುದು ಅದು ನಿಯಮವೆಂಬ ಕಾರಣಕ್ಕೆ ಮಾತ್ರವಲ್ಲ, ನಾಳೆಯ ಎರೆಗೆ, ನಾಳೆಯ ಒಲೆಗೆ ನೆರೆಯವನೇ ಬೇಕು ಎಂಬ ಕಾರಣಕ್ಕೆ ಎಂಬ ಅಂಶವನ್ನೂ ಮಿನಿಕಾಯ್ ಸೇರಿಸುತ್ತದೆ.

ಯಂತ್ರದೋಣಿ ಮತ್ತು ಸಹಕಾರ ಸಂಘ

ಕೇಂದ್ರಾಡಳಿತ ಬಂದ ಬಳಿಕ 1950ರ ದಶಕದ ಕೊನೆಯಲ್ಲಿ ಮೀನುಗಾರಿಕಾ ಇಲಾಖೆ ಕೆಲಸ ಆರಂಭಿಸಿತು. 1960ರ ದಶಕದಲ್ಲಿ ಯಂತ್ರದೋಣಿಗಳು ಬಂದವು. 1969ರಲ್ಲಿ ಮಿನಿಕಾಯ್‌ನಲ್ಲಿ ಟ್ಯೂನವನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಸ್ಥಾಪನೆಯಾಯಿತು. ಮಿನಿಕಾಯ್‌ನ ಗಳುಗಾಳದ ವಿದ್ಯೆ ಅಗತ್ತಿ ಮೊದಲಾದ ದ್ವೀಪಗಳಿಗೆ ಹರಡಿತು. ದ್ವೀಪಗಳಲ್ಲಿ ಸಹಕಾರ ಸಂಘಗಳೂ ನೋಂದಣಿಯಾಗಿ, ಮಂಗಳೂರು, ಕಲ್ಲಿಕೋಟೆಗಳ ಖಾಸಗಿ ವ್ಯಾಪಾರಿಗಳ ಸಾಲದ ಹಿಡಿತ ಸಡಿಲವಾಗಲು ಕಾರಣವಾದವು. ಇದರ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ.

ಇಲ್ಲಿ ಸಹಕಾರವೆಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳು ಬಂದವು. ನೋಂದಾಯಿತ ಸಂಘದ ಸಹಕಾರಕ್ಕೆ ಷೇರು, ಸದಸ್ಯತ್ವ, ಲೆಕ್ಕಪುಸ್ತಕ ಇವು ಆಧಾರ. ಮಾರಾಟವೇ ಅದರ ಕ್ಷೇತ್ರ. ಅವದ ಸಹಕಾರಕ್ಕೆ ಹುಟ್ಟು, ನೆರೆ, ದುಡಿಮೆ ಆಧಾರ. ಒಳಗಡಲಿನಿಂದ ಒಲೆಯವರೆಗೆ ಅದರ ಕ್ಷೇತ್ರ. ಮೊದಲನೆಯದು ಎರಡನೆಯದರ ಸ್ಥಾನವನ್ನು ತುಂಬುತ್ತದೆಂಬ ಎಣಿಕೆ ಯೋಜಕರಲ್ಲಿತ್ತು. ಆದರೆ ಅಕ್ಕಿ ತೂಗುವ ಸಂಘ ಎರೆಯನ್ನು ಕಾಯಲಾರದು. ಯಂತ್ರದೋಣಿ ದೂರ ಹೋಗಬಲ್ಲುದರಿಂದ ಹೆಚ್ಚು ಎರೆ ಬೇಕಾಯಿತು. ಸಾಲದಿಂದ ಕೊಂಡ ದೋಣಿಯ ಕಂತು ಪಾಲಿನ ಲೆಕ್ಕದೊಳಗೆ ಬಂದು ಸೇರಿತು. ಕಾರ್ಖಾನೆಯೂ ಮಂಜುಗಡ್ಡೆಯೂ ಬಂದಂತೆ ದಡದ ಮೇಲಿನ ಒಲೆಗಳ ಅನಿವಾರ್ಯತೆ ಮೊದಲಿನಷ್ಟು ಉಳಿಯಲಿಲ್ಲ.

ಕರ್ನಾಟಕದ ಕರಾವಳಿಯ ಅನುಭವ ಇಲ್ಲಿ ತುಲನೆಗೆ ಒದಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ರಂಪಣಿ ಬಲೆ ಊರೊಟ್ಟಿನ ಮೀನುಗಾರಿಕೆಯ ಪ್ರತೀಕವಾಗಿತ್ತು. ಹಲವು ಮನೆಗಳು ಬಲೆಯ ತುಂಡುಗಳನ್ನು ತಂದು ಜೋಡಿಸಿ ಒಂದು ದೊಡ್ಡ ಬಲೆ ಮಾಡುತ್ತಿದ್ದವು. ಹತ್ತಾರು ಜನ ದಡದಲ್ಲಿ ನಿಂತು ಬಂಗುಡೆ, ಭೂತಾಯಿಗಳ ಹಿಂಡನ್ನು ಎಳೆಯುತ್ತಿದ್ದರು. ಬಲೆಗೂ ದುಡಿಮೆಗೂ ಪಾಲು ಸಲ್ಲುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದು ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಹಿಡಿಯತೊಡಗಿದಾಗ, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಕಣ್ಮರೆಯಾದವು. ಆಗ ನಡೆದ ಘರ್ಷಣೆಗಳು ಕರಾವಳಿಯ ನೆನಪಿನಲ್ಲಿ ಇನ್ನೂ ಇವೆ. ರಂಪಣಿ ಜನರ ಸದ್ಗುಣ ಒಮ್ಮೆಗೇ ಕುಸಿದು ಆ ಸಹಕಾರ ಅಳಿದುದಲ್ಲ. ಮೀನು ದಡಕ್ಕೆ ಬರುವುದು ನಿಂತುದರಿಂದ ಹಗ್ಗ ಹಿಡಿಯುವ ಕೈಗಳಿಗೆ ಕೆಲಸ ತಪ್ಪಿತು. ಮಿನಿಕಾಯ್‌ನಲ್ಲಿ ಯಂತ್ರ ಬಂದರೂ ಗಳುಗಾಳ ಉಳಿಯಿತು. ಎರೆಯ ಅಗತ್ಯವೂ ಗುಂಪಿನ ಅಗತ್ಯವೂ ಉಳಿದವು. ಎರಡು ತೀರಗಳ ಭಿನ್ನ ಗತಿಗೆ ಇದೇ ಕಾರಣ.

ಇತ್ತೀಚಿನ ಪರಿಸ್ಥಿತಿ

ಗಳುಗಾಳದ ಪದ್ಧತಿಗೆ ಇಂದು ಅಂತರರಾಷ್ಟ್ರೀಯ ಮನ್ನಣೆಯಿದೆ. ಒಂದೊಂದೇ ಮೀನನ್ನು ಹಿಡಿಯುವುದರಿಂದ ಬೇಡದ ಜೀವಿಗಳ ನಾಶ ಕಡಿಮೆ. ಮಾಲ್ದೀವ್ಸ್‌ನ ಗಳುಗಾಳದ ಟ್ಯೂನಕ್ಕೆ 2012ರಲ್ಲಿ ಸುಸ್ಥಿರ ಮೀನುಗಾರಿಕೆಯ ಪ್ರಮಾಣಪತ್ರ ದೊರೆಯಿತು. ಆದರೆ ಪದ್ಧತಿಯ ಬುಡ ಒಳಗಡಲಿನಲ್ಲಿದೆ. 1998, 2010 ಮತ್ತು 2016ರಲ್ಲಿ ಸಮುದ್ರದ ಬಿಸಿಯೇರಿಕೆಯಿಂದ ಲಕ್ಷದ್ವೀಪದ ಹವಳಗಳು ಬಿಳಿಚಿ ಸತ್ತವು; 2024ರಲ್ಲಿಯೂ ಅದು ಮರುಕಳಿಸಿತು. ಹವಳದ ಸಂದುಗಳನ್ನು ಆಶ್ರಯಿಸಿದ ಎರೆಮೀನಿಗೆ ಇದು ನೇರವಾದ ಪೆಟ್ಟು. 2017ರ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳನ್ನು ಬಾಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಪ್ರಖರ ದೀಪಗಳನ್ನು ಬಳಸಿ ಮೀನು ಹಿಡಿಯುವುದನ್ನು ಭಾರತ ಸರ್ಕಾರ ತನ್ನ ಆರ್ಥಿಕ ವಲಯದ ಕಡಲಿನಲ್ಲಿ ನಿಷೇಧಿಸಿತು. 2021ರಲ್ಲಿ ಕಡಲದಂಡೆಯಲ್ಲಿ ದೋಣಿ, ಬಲೆಗಳನ್ನು ಇಡುತ್ತಿದ್ದ ಮೀನುಗಾರರ ಶೆಡ್ಡುಗಳನ್ನು ತೆರವುಗೊಳಿಸಿದ ವಿಷಯ ದೇಶಾದ್ಯಂತ ಚರ್ಚೆಗೆ ಬಂದಿತು. ಕಂದಾಯದ ಕಣ್ಣಿಗೆ ದಂಡೆ ಖಾಲಿ ನೆಲ. ದೋಣಿ ಎಳೆಯುವ, ಮೀನು ಒಣಗಿಸುವ, ಅವದ ಕರೆಗೆ ಜನ ಸೇರುವ ಕಸುಬಿನ ಕಣ್ಣಿಗೆ ಅದೇ ಅಂಗಳ. ಎರಡು ಶತಮಾನಗಳ ಹಿಂದಿನ ಕಾಗದಗಳಲ್ಲಿ ಕಂಡ ಕುರುಡು ಬೇರೊಂದು ರೂಪದಲ್ಲಿ ಮುಂದುವರಿಯುವ ಅಪಾಯ ಇಲ್ಲಿ ಗೋಚರಿಸುತ್ತದೆ.

ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಲಕ್ಷದ್ವೀಪದ ಮೀನುಗಾರರ ಸಹಕಾರ ಒಳಗಡಲು, ದೋಣಿ, ದಡ ಎಂಬ ಮೂರು ನೆಲೆಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡಿತ್ತು. ಎರೆಯ ಮಿತಿ ಊರನ್ನು ಒಂದುಗೂಡಿಸಿತು. ಬೇಟೆಯ ವೇಗ ದೋಣಿಯವರನ್ನು ಒಂದುಗೂಡಿಸಿತು. ಬೇಗನೆ ಕೆಡುವ ಮೀನು ದಡದ ಹೆಂಗಸರನ್ನು ಒಂದುಗೂಡಿಸಿತು. ಈ ಮೂರನ್ನೂ ಕಟ್ಟಿದ ಹುರಿ ಅವ. ಆ ಹುರಿಯ ಒಂದು ಎಳೆಯನ್ನು ಕಿತ್ತು ಉಳಿದುವು ಗಟ್ಟಿಯಾಗಿರಲೆಂದು ಬಯಸುವುದು ಫಲಿಸದು. ಸಣ್ಣ ಮೀನುಗಾರರಿಗಾಗಿ ಯೋಜನೆಗಳನ್ನು ರೂಪಿಸುವವರು ದೋಣಿಯ ಸಾಲವನ್ನು ಮಾತ್ರ ಲೆಕ್ಕಿಸದೆ ಎರೆಯ ಒಳಗಡಲನ್ನೂ ಒಲೆಯ ದಡವನ್ನೂ ಒಟ್ಟಾಗಿ ಕಾಣಬೇಕೆಂಬುದು ಈ ಚರಿತ್ರೆಯ ಪಾಠ.

ಇನ್ನೊಂದು ಕೆಲಸ ಕನ್ನಡ ವಿದ್ವತ್ತಿಗೇ ಸೇರಿದುದು. ಅಮಿನಿದಿವಿಯ ಒಂದೂವರೆ ಶತಮಾನದ ಆಡಳಿತ ಮಂಗಳೂರಿನಲ್ಲಿ ನಡೆಯಿತು. ಕತ್ತ ಎಷ್ಟು ಬಂದಿತು, ಅಕ್ಕಿ ಎಷ್ಟು ಹೋಯಿತು ಎಂಬುದನ್ನು ಆ ಕಾಲದ ಕಾಗದಗಳು ಹೇಳುತ್ತವೆ. ಆ ಕತ್ತವನ್ನು ಹೊಸೆದವರು ಸಂಜೆಯ ಮೀನನ್ನು ಯಾವ ನ್ಯಾಯದಿಂದ ಹಂಚಿಕೊಂಡರೆಂಬುದನ್ನು ಹೇಳಬಲ್ಲವರು ದ್ವೀಪಗಳ ಹಿರಿಯರು, ಹಳೆ ಬಂದರಿನಲ್ಲಿ ಓಡಂಗಳ ಬರವನ್ನು ಕಂಡ ವೃದ್ಧರು. ಜೆಸರಿಯ, ಮಹಲ್‌ನ ಕಸುಬಿನ ಪದಗಳೂ ಕರಾವಳಿಯ ರಂಪಣಿಯ ಪದಗಳೂ ಒಂದೇ ಕೋಶದಲ್ಲಿ ಸೇರಿದ ದಿನ, ಅರಬ್ಬೀ ಸಮುದ್ರದ ಎರಡು ದಡಗಳ ದುಡಿಮೆಯ ಚರಿತ್ರೆಯನ್ನು ಬರೆಯುವುದಕ್ಕೆ ಬೇಕಾದ ಮೊದಲ ಆಕರ ಸಿದ್ಧವಾಗುತ್ತದೆ. ಆ ಪದಗಳನ್ನು ಬಲ್ಲ ತಲೆಮಾರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.